ಮೇಲಿನ ಊರಿನ ಕೊಳಚೆ, ಕೆಳಗಿನ ಊರಿನ ಹೊಳೆ

ಸಣ್ಣ ಊರೊಂದರ ಕೊಳಚೆ ನೀರು ಶುದ್ಧೀಕರಣ ಘಟಕ ನೋಡೋಕೆ ಹೋಗಿದ್ದೆ. ಎಸ್‌ಟಿಪಿ ಅಂತಲೇ ಕರೆಯೋಣ, ಅಲ್ಲಿ ಕೆಲಸ ಮಾಡುವವರೂ ಹಾಗೇ ಕರೆಯುತ್ತಾರೆ. ಮೂಗಿಗೆ ಕರವಸ್ತ್ರ ಒತ್ತಿಕೊಂಡು ಒಳಗೆ ಹೋದವನು ಹತ್ತು ನಿಮಿಷಕ್ಕೆ ಅದನ್ನು ಜೇಬಿಗೆ ಹಾಕಿಕೊಂಡೆ. ನೀರು ಒಳಬರುವ ಬಾಯಿ ಬಿಟ್ಟರೆ ಉಳಿದ ಕಡೆ ಅಂಥ ನಾತವೇ ಇರಲಿಲ್ಲ. ಗಾಳಿ ಊದುವ ತೊಟ್ಟಿಯ ಹತ್ತಿರವಂತೂ ಮಳೆ ಬಿದ್ದ ತೋಟದ ಮಣ್ಣಿನಂಥ ವಾಸನೆ. ಆಪರೇಟರ್ ಹುಡುಗ ಕೋಲಿಗೆ ಕಟ್ಟಿದ ಮಗ್ಗಿನಲ್ಲಿ ಆ ತೊಟ್ಟಿಯಿಂದ ಕಂದು ನೀರು ಎತ್ತಿದ, ಒಂದು ಲೀಟರಿನ ಗಾಜಿನ ಜಾಡಿಗೆ ಸುರಿದ, ಕಟ್ಟೆಯ ಮೇಲಿಟ್ಟು ಮೊಬೈಲಿನಲ್ಲಿ ಟೈಮರ್ ಒತ್ತಿದ.

"ಅರ್ಧ ಗಂಟೆ ಸಾರ್. ಇದೇ ನಮ್ಮ ಜಾತಕ" ಅಂದ.

ಜಾಡಿ ಅಲ್ಲೇ ಇರಲಿ, ಆಮೇಲೆ ಬರೋಣ. ಮೊದಲು ಹೊಳೆಯ ಕಡೆಯಿಂದ ನೋಡಬೇಕು.

ಹೊಳೆಗೆ ಕೊಳಚೆ ಬಿಟ್ಟರೆ ಏನಾಗುತ್ತದೆ ಅಂತ ಕೇಳಿದರೆ ನಾವೆಲ್ಲ 'ಗಲೀಜಾಗುತ್ತೆ' ಅಂತೀವಿ. ಸರಿಯೇ. ಆದರೆ ಮೀನು ರಾಶಿ ರಾಶಿ ಸತ್ತು ತೇಲಿದಾಗ ಅವು ಹೆಚ್ಚಾಗಿ ಸತ್ತಿರುವುದು ಉಸಿರು ಕಟ್ಟಿ. ಸೆಖೆಗಾಲದಲ್ಲಿ, ನೀರು 30 ಡಿಗ್ರಿ ಬಿಸಿ ಇದ್ದಾಗ, ಒಂದು ಲೀಟರ್ ನೀರು ಗಾಳಿಯಿಂದ ಹೀರಿ ಇಟ್ಟುಕೊಳ್ಳುವ ಆಮ್ಲಜನಕ ಸುಮಾರು ಏಳೂವರೆ ಮಿಲಿಗ್ರಾಂ, ಅಷ್ಟೇ. ಮೀನುಗಾರಿಕೆಗೆ ಯೋಗ್ಯ ನೀರು ಅನ್ನಿಸಿಕೊಳ್ಳಬೇಕಾದರೆ ಕನಿಷ್ಠ 4 ಇರಬೇಕು ಅನ್ನುತ್ತದೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ. ಅಂದರೆ ಹೊಳೆಯ ಕೈಯಲ್ಲಿ ಖರ್ಚಿಗೆ ಇರುವುದು ಲೀಟರಿಗೆ ಮೂರೂವರೆ ಮಿಲಿಗ್ರಾಂ. ಬಡವರ ಮನೆಯ ಡಬ್ಬಿಯ ದುಡ್ಡಿನ ಹಾಗೆ.

ಇನ್ನು ಕೊಳಚೆ. ಅದರಲ್ಲಿ ನೂರಕ್ಕೆ ತೊಂಬತ್ತೊಂಬತ್ತಕ್ಕಿಂತ ಜಾಸ್ತಿ ಬರೀ ನೀರೇ. ಉಳಿದ ಚೂರುಪಾರಿನಲ್ಲಿ ಮಲ ಮೂತ್ರ, ಗಂಜಿ, ಪಾತ್ರೆ ತೊಳೆದ ಸಾರು, ಎಣ್ಣೆ, ಸೋಪು. ನಮಗೆ ಕೊಳೆ, ಬ್ಯಾಕ್ಟೀರಿಯಾಗಳಿಗೆ ಹಬ್ಬದೂಟ. ಅವು ಅದನ್ನು ತಿನ್ನುತ್ತವೆ, ತಿನ್ನುವಾಗ ಉಸಿರಾಡುತ್ತವೆ, ಉಸಿರಾಡೋಕೆ ನೀರಿನಲ್ಲಿ ಕರಗಿದ ಆಮ್ಲಜನಕವನ್ನೇ ಬಳಸುತ್ತವೆ. ಹೀಗೆ ಒಂದು ಲೀಟರ್ ಕೊಳಚೆ ಎಷ್ಟು ಆಮ್ಲಜನಕ ಕಬಳಿಸುತ್ತದೆ ಅನ್ನುವ ಲೆಕ್ಕಕ್ಕೆ ಬಿಒಡಿ ಅಂತ ಹೆಸರು. ಮಾದರಿಯನ್ನು ಸೀಸೆಯಲ್ಲಿ ಗಾಳಿಯಾಡದಂತೆ ಮುಚ್ಚಿ, ಕತ್ತಲಲ್ಲಿಟ್ಟು, ಆಮ್ಲಜನಕ ಎಷ್ಟು ಇಳಿಯಿತು ಅಂತ ನೋಡುತ್ತಾರೆ. ಇಂಗ್ಲೆಂಡಿನ ರೂಢಿಯಲ್ಲಿ 20 ಡಿಗ್ರಿಯಲ್ಲಿ ಐದು ದಿನ, ನಮ್ಮ ಬಿಸಿ ದೇಶದಲ್ಲಿ 27 ಡಿಗ್ರಿಯಲ್ಲಿ ಮೂರೇ ದಿನ. ನಮ್ಮ ಊರುಗಳ ಕೊಳಚೆಯ ಬಿಒಡಿ ಸಾಮಾನ್ಯವಾಗಿ ಲೀಟರಿಗೆ 200ರಿಂದ 300 ಮಿಲಿಗ್ರಾಂ. ಡಬ್ಬಿಯಲ್ಲಿರುವುದು ಏಳೂವರೆ, ಬಂದ ಬಿಲ್ಲು ಇನ್ನೂರೈವತ್ತು!

ಹೊಳೆ ಸುಮ್ನೆ ಸೋಲುವುದಿಲ್ಲ, ಅದೂ ನಿಜ. ಹರಿಯುತ್ತಾ, ಕಲ್ಲಿಗೆ ಬಡಿಯುತ್ತಾ ಗಾಳಿಯಿಂದ ಮತ್ತೆ ಆಮ್ಲಜನಕ ತುಂಬಿಕೊಳ್ಳುತ್ತದೆ. ಒಂದು ಕಡೆ ಖರ್ಚು, ಇನ್ನೊಂದು ಕಡೆ ಜಮೆ. ಅಮೆರಿಕದ ಒಹಾಯೊ ನದಿಯಲ್ಲಿ ಇದನ್ನು ಅಭ್ಯಾಸ ಮಾಡಿದ ಸ್ಟ್ರೀಟರ್ ಮತ್ತು ಫೆಲ್ಪ್ಸ್ ಎಂಬಿಬ್ಬರು 1925ರಲ್ಲಿ ಈ ಜಮಾಖರ್ಚಿಗೆ ಒಂದು ಸಮೀಕರಣ ಬರೆದರು. ಅದರಲ್ಲಿ ನನಗೆ ಕುತೂಹಲ ಅನ್ನಿಸುವ ವಿಷಯ ಒಂದಿದೆ. ಆಮ್ಲಜನಕ ತಳ ಕಾಣುವುದು ಪೈಪಿನ ಬಾಯಲ್ಲಲ್ಲ. ಬ್ಯಾಕ್ಟೀರಿಯಾಗಳು ಉಣ್ಣೋಕೆ ಹೊತ್ತು ಬೇಕು, ಅಷ್ಟರಲ್ಲಿ ನೀರು ಮುಂದೆ ಹೋಗಿರುತ್ತದೆ. ಆದ್ದರಿಂದ ಹೊಳೆಯ ಸ್ಥಿತಿ ತೀರಾ ಕೆಡುವುದು ಅಲ್ಲಿಂದ ಎಷ್ಟೋ ಕೆಳಗೆ, ದೊಡ್ಡ ನದಿಯಾದರೆ ಹತ್ತಾರು ಕಿಲೋಮೀಟರ್ ಕೆಳಗೆ. ಕೊಳಚೆ ಬಿಟ್ಟ ಊರಿಗೆ ಅದು ಕಾಣುವುದೇ ಇಲ್ಲ! ಕೆಳಗಿನ ಊರಿನವರು ಹೊಳೆದಂಡೆಗೆ ಬಂದು ಮೂಗು ಮುಚ್ಚಿಕೊಳ್ಳುತ್ತಾರೆ. ಬೆಂಗಳೂರಿನ ಕೊಳಚೆ ವೃಷಭಾವತಿಯಲ್ಲಿ ಹರಿದು ಬೈರಮಂಗಲ ಕೆರೆ ಸೇರಿದ್ದು, ಬೆಳ್ಳಂದೂರು, ವರ್ತೂರು ಕೆರೆಗಳ ನೀರು ದಕ್ಷಿಣ ಪಿನಾಕಿನಿಯಲ್ಲಿ ಇಳಿದು ಹೊಸೂರಿನ ಹತ್ತಿರದ ಕೆಲವರಪಳ್ಳಿ ಅಣೆಕಟ್ಟಿನಲ್ಲಿ ನೊರೆ ಎಬ್ಬಿಸಿದ್ದು, ಎರಡೂ ಇದೇ ಕಥೆ. ಗಲೀಜು ಮಾಡಿದವರು ಒಬ್ಬರು, ಅನುಭವಿಸಿದವರು ಇನ್ನೊಬ್ಬರು.

ಅದು ಮಹಾನಗರದ ಮಾತಾಯಿತು, ಸಣ್ಣ ಊರಿನ ಕೊಳಚೆಯಿಂದ ಅಷ್ಟೇನು ಆಗಿಬಿಡುತ್ತೆ ಅಂತ ಕೇಳಬಹುದು. ಲೆಕ್ಕ ಹಾಕಿ ನೋಡೋಣ, ಸ್ಕೂಲ್ ಗಣಿತ ಸಾಕು.

ಮೂವತ್ತು ಸಾವಿರ ಜನರ ಪುರಸಭೆ ಅಂದುಕೊಳ್ಳಿ. ಒಳಚರಂಡಿ ಇರುವ ಊರಿನಲ್ಲಿ ತಲೆಗೆ ದಿನಕ್ಕೆ 135 ಲೀಟರ್ ನೀರು, ಅದರಲ್ಲಿ ನೂರಕ್ಕೆ ಎಂಬತ್ತು ಪಾಲು ಕೊಳಚೆಯಾಗಿ ವಾಪಸ್ ಬರುತ್ತದೆ ಅನ್ನುವುದು ಎಂಜಿನಿಯರುಗಳು ಹಿಡಿಯುವ ಲೆಕ್ಕ. ಅಂದರೆ ದಿನಕ್ಕೆ ಸುಮಾರು 32 ಲಕ್ಷ ಲೀಟರ್, ಸೆಕೆಂಡಿಗೆ 37 ಲೀಟರಿನಷ್ಟು. ಬಿಒಡಿ 250 ಅಂತ ಇಟ್ಟುಕೊಳ್ಳೋಣ. ಪಕ್ಕದಲ್ಲಿ ಒಂದು ಸಣ್ಣ ಹೊಳೆ, ಬೇಸಿಗೆಯಲ್ಲೂ ಸೆಕೆಂಡಿಗೆ 500 ಲೀಟರ್ ಹರಿಯುತ್ತದೆ, ಅದರ ಸ್ವಂತ ಬಿಒಡಿ 2. ಕೊಳಚೆಯನ್ನು ನೇರವಾಗಿ ಬಿಟ್ಟರೆ ಬೆರೆತ ನೀರಿನ ಬಿಒಡಿ 19 ದಾಟುತ್ತದೆ. ಸ್ನಾನಕ್ಕೆ ಯೋಗ್ಯ ಅನ್ನಿಸಿಕೊಳ್ಳೋಕೆ 3ರ ಒಳಗಿರಬೇಕು, ನೆನಪಿರಲಿ. ಅದೇ ಎಸ್‌ಟಿಪಿಯಲ್ಲಿ 30ಕ್ಕೆ ಇಳಿಸಿ ಬಿಟ್ಟರೆ ಬೆರೆತ ನೀರಿನಲ್ಲಿ ಸುಮಾರು 4. ಘಟಕದಿಂದ ಹೊರಬರುವಾಗ 20 ಇದ್ದರೆ ಹೊಳೆಯಲ್ಲಿ 3.3. 10ಕ್ಕೆ ಇಳಿಸಿದರೆ 2.6.

ಈ 30, 20, 10 ನಾನು ಸುಮ್ನೆ ಆರಿಸಿದ ಅಂಕಿಗಳಲ್ಲ. 2017ರ ಕೇಂದ್ರದ ಅಧಿಸೂಚನೆ ಮಹಾನಗರಗಳಿಗೆ 20, ಉಳಿದ ಊರುಗಳಿಗೆ 30 ಸಾಕು ಅಂದಿತು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದನ್ನು ಒಪ್ಪದೆ 10 ಎಂದಿತು. 20 ಎಂಬ ಅಂಕಿಯ ಅಜ್ಜನ ಮನೆ ಇಂಗ್ಲೆಂಡು. ಕೊಳಚೆಯ ವಿಲೇವಾರಿಗೆ ಅಲ್ಲಿದ್ದ ರಾಯಲ್ ಕಮಿಷನ್ 1912ರಲ್ಲಿ ಕೊಟ್ಟ ವರದಿಯಲ್ಲಿ ಅದು ಬರುತ್ತದೆ. ಅದರ ಹಿಂದೆ ಒಂದು ಷರತ್ತಿತ್ತು. ಹೊಳೆಯಲ್ಲಿ ಕನಿಷ್ಠ ಎಂಟು ಪಟ್ಟು ಶುದ್ಧ ನೀರು ಇರಬೇಕು, ಆಗ ಮಾತ್ರ 20 ನಡೆಯುತ್ತದೆ. ಇಂಗ್ಲೆಂಡಿನಲ್ಲಿ ವರ್ಷವಿಡೀ ಮಳೆ ಜಿನುಗುತ್ತದೆ. ನಮ್ಮ ಬಯಲುಸೀಮೆಯ ಹಳ್ಳದಲ್ಲಿ ಏಪ್ರಿಲ್ ತಿಂಗಳಿಗೆ ಎಂಟು ಪಟ್ಟು ನೀರು ಎಲ್ಲಿಂದ ತರೋದು? ಮೇಲಿನ ಲೆಕ್ಕದಲ್ಲೇ ಹೊಳೆಯ ಹರಿವನ್ನು 500ರಿಂದ 50 ಲೀಟರಿಗೆ ಇಳಿಸಿ ನೋಡಿ. ಕೊಳಚೆ ನೇರ ಬಿಟ್ಟರೆ 108, ಶುದ್ಧೀಕರಿಸಿ 30ಕ್ಕೆ ಇಳಿಸಿದರೂ 14, 10ಕ್ಕೆ ಇಳಿಸಿದರೂ ಐದೂವರೆ ಹತ್ತಿರ. ಊರು ಸಣ್ಣದು, ಹಳ್ಳ ಇನ್ನೂ ಸಣ್ಣದು. ಸಣ್ಣ ಊರಿನ ಎಸ್‌ಟಿಪಿಗೆ ನಿಯಮ ಸಡಿಲ ಇದ್ದರೆ ಸಾಕು ಅನ್ನುವ ವಾದ ನನಗೆ ಅರ್ಥವಾಗದಿರುವುದು ಇದಕ್ಕೇ.

ಈಗ ಘಟಕದ ಒಳಗೆ. ಅಲ್ಲಿ ನಡೆಯುವುದು ಹೊಳೆ ತಾನಾಗಿ ಮಾಡುತ್ತಿದ್ದ ಕೆಲಸವೇ. ಹತ್ತಾರು ಕಿಲೋಮೀಟರ್ ಹರಿಯುತ್ತಾ ನಡೆಯಬೇಕಾದ ಊಟವನ್ನು ಒಂದು ತೊಟ್ಟಿಯಲ್ಲಿ ಕೂಡಿಹಾಕಿ, ಆಮ್ಲಜನಕವನ್ನು ಯಂತ್ರದಿಂದ ಕೊಟ್ಟು, ಒಂದು ದಿನದೊಳಗೆ ಮುಗಿಸುತ್ತಾರೆ. ಹೊಳೆಯ ಡಬ್ಬಿಗೆ ಕೈ ಹಾಕುವುದಿಲ್ಲ, ಕರೆಂಟ್ ಬಿಲ್ ಕಟ್ಟುತ್ತಾರೆ.

ಮೊದಲಿಗೆ ಕಬ್ಬಿಣದ ಸರಳುಗಳ ಜಾಲರಿ. ಶಾಂಪೂ ಚೀಟಿ, ಗುಟ್ಕಾ ಪ್ಯಾಕೆಟ್, ಸ್ಯಾನಿಟರಿ ಪ್ಯಾಡು, ಕೂದಲಿನ ಉಂಡೆ, ಹರಿದ ಬಟ್ಟೆ ಎಲ್ಲ ಅಲ್ಲಿ ಸಿಕ್ಕಿಕೊಳ್ಳುತ್ತವೆ. ಆ ಹುಡುಗ ಕುಂಟೆಯಂಥದ್ದರಲ್ಲಿ ಬಾಚಿ ಪಕ್ಕಕ್ಕೆ ಹಾಕುತ್ತಿದ್ದ. ಒಂದು ಮಗುವಿನ ಚಪ್ಪಲಿಯೂ ಇತ್ತು. ಆಮೇಲೆ ಮರಳು ತೆಗೆಯುವ ಕಾಲುವೆ, ಇದರ ಜಾಣತನ ನನಗೆ ತುಂಬಾ ಇಷ್ಟವಾಯಿತು. ಸೊಪ್ಪು ತೊಳೆಯುವಾಗ ನೋಡಿದ್ದೀರಲ್ಲ, ನೀರನ್ನು ಮೆಲ್ಲಗೆ ಅಲ್ಲಾಡಿಸಿದರೆ ಮಣ್ಣು ತಳ ಸೇರುತ್ತದೆ, ಸೊಪ್ಪು ಮೇಲೇ ಇರುತ್ತದೆ. ಇಲ್ಲೂ ಅದೇ. ನೀರಿನ ವೇಗವನ್ನು ಸೆಕೆಂಡಿಗೆ ಸುಮಾರು 30 ಸೆಂಟಿಮೀಟರಿಗೆ ಹಿಡಿದರೆ ಭಾರದ ಮರಳು ಕುಳಿತುಬಿಡುತ್ತದೆ, ಹಗುರವಾದ ಮಲದ ಚೂರುಗಳು ಮುಂದಕ್ಕೆ ತೇಲುತ್ತವೆ. ಮರಳು ಹೀಗೆ ನಿಲ್ಲದಿದ್ದರೆ ಪಂಪುಗಳು ಸವೆದುಹೋಗುತ್ತವೆ.

ನಂತರ ಗಾಳಿ ತೊಟ್ಟಿ. ಘಟಕದ ಜೀವ ಇಲ್ಲಿದೆ. ತಳದಲ್ಲಿ ಜೋಡಿಸಿದ ಕೊಳವೆಗಳಿಂದ ಬ್ಲೋವರ್ ಗಾಳಿ ಊದುತ್ತದೆ, ಇಡೀ ತೊಟ್ಟಿ ಸಾರು ಕುದಿಯುವ ಹಾಗೆ ಕಾಣುತ್ತದೆ. ಕಂದು ಬಣ್ಣ ಕೊಳೆಯದಲ್ಲ, ಬ್ಯಾಕ್ಟೀರಿಯಾಗಳದು. ಕೋಟ್ಯಂತರ ಜೀವಿಗಳು ಒಂದಕ್ಕೊಂದು ಅಂಟಿಕೊಂಡು ಸಣ್ಣ ಸಣ್ಣ ಗರಣೆಗಳಾಗಿರುತ್ತವೆ. ಅವು ಕೊಳಚೆಯಲ್ಲಿ ಕರಗಿದ ಆಹಾರವನ್ನು ತಿಂದು ತಮ್ಮ ಮೈಯಾಗಿ ಮಾಡಿಕೊಳ್ಳುತ್ತವೆ. ಕರಗಿದ್ದನ್ನು ಸೋಸೋಕೆ ಆಗಲ್ಲ, ಮೈಯಾದರೆ ತಳಕ್ಕೆ ಕೂರಿಸಬಹುದು. ಇಡೀ ತಂತ್ರ ಇಷ್ಟೇ.

ಮುಂದಿನ ತೊಟ್ಟಿಯಲ್ಲಿ ಗಾಳಿ ಇಲ್ಲ, ಗದ್ದಲ ಇಲ್ಲ. ಕೆಸರು ಕೆಳಗೆ ಕೂರುತ್ತದೆ, ತಿಳಿನೀರು ಅಂಚಿನ ಮೇಲಿಂದ ಉಕ್ಕಿ ಹೊರಗೆ ಹೋಗುತ್ತದೆ. ಕುಳಿತ ಕೆಸರಿನಲ್ಲಿ ಬಹುಪಾಲನ್ನು ಪಂಪಿನಿಂದ ಎತ್ತಿ ಮತ್ತೆ ಗಾಳಿ ತೊಟ್ಟಿಗೇ ಹಾಕುತ್ತಾರೆ. ಯಾಕೆ ಅಂತ ನಮ್ಮಮ್ಮನಿಗೆ ವಿವರಿಸೋಕೆ ಹೊರಟಾಗ ಅರ್ಧದಲ್ಲೇ "ಹೆಪ್ಪು ಹಾಕ್ದಂಗೆ ಅನ್ನು" ಅಂದುಬಿಟ್ಟರು. ನಿನ್ನೆಯ ಮೊಸರಿನ ಒಂದು ಚಮಚ ಇವತ್ತಿನ ಹಾಲಿಗೆ. ನಿನ್ನೆಯ ಬ್ಯಾಕ್ಟೀರಿಯಾ ಇವತ್ತಿನ ಕೊಳಚೆಗೆ. ವ್ಯತ್ಯಾಸ ಇಷ್ಟೇ, ಇಲ್ಲಿ ಹೆಪ್ಪು ಒಂದು ಚಮಚ ಸಾಲದು, ಬಕೆಟ್‌ಗಟ್ಟಲೆ ಬೇಕು.

ಈ ಹೆಪ್ಪಿನ ಉಪಾಯ ಹೊಳೆದದ್ದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ. ಆರ್ಡರ್ನ್ ಮತ್ತು ಲಾಕೆಟ್ ಎಂಬ ರಸಾಯನಶಾಸ್ತ್ರಜ್ಞರು ಗಾಳಿ ಊದಿದ ಸೀಸೆಯಿಂದ ತಿಳಿನೀರನ್ನಷ್ಟೇ ಚೆಲ್ಲಿ, ತಳದ ಕೆಸರನ್ನು ಎಸೆಯದೆ ಅದರ ಮೇಲೇ ಹೊಸ ಕೊಳಚೆ ಸುರಿಯುತ್ತಾ ಹೋದರು. ಮೊದಲು ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸ ಕೊನೆಗೆ ಗಂಟೆಗಳಲ್ಲಿ ಮುಗಿಯತೊಡಗಿತು. 1914ರಲ್ಲಿ ಅದನ್ನು ಪ್ರಕಟಿಸಿದರು. ಅವರನ್ನು ಈ ದಾರಿಗೆ ಹಚ್ಚಿದ ಗಿಲ್ಬರ್ಟ್ ಫೌಲರ್ 1916ರಲ್ಲಿ ಎಲ್ಲಿಗೆ ಬಂದರು ಗೊತ್ತಾ? ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ, ಪ್ರಾಧ್ಯಾಪಕರಾಗಿ. ಕೊಳಚೆ ಶುದ್ಧಿಯ ತಿಳಿವಳಿಕೆ ಬೆಂಗಳೂರಿಗೆ ಬಂದು ನೂರು ವರ್ಷ ದಾಟಿದೆ. ಬೆಳ್ಳಂದೂರಿನ ನೊರೆಗೆ ಬೆಂಕಿ ಹತ್ತಿಕೊಂಡದ್ದು ಅದಾಗಿ ನೂರು ವರ್ಷದ ಆಸುಪಾಸಿನಲ್ಲಿ, 2015ರಲ್ಲಿ.

ಅಷ್ಟರಲ್ಲಿ ಹುಡುಗನ ಮೊಬೈಲ್ ಕೂಗಿತು. ಜಾಡಿ ನೋಡಿದೆ. ಅರ್ಧ ಗಂಟೆ ಮುಂಚೆ ಇಡೀ ಜಾಡಿ ಕದಡಿದ ಕಾಫಿಯಂತಿತ್ತು. ಈಗ ಕೆಳಗೆ ಕಂದು ಕೆಸರು, ಮೇಲೆ ತಿಳಿನೀರು, ನಡುವೆ ಗೆರೆ ಎಳೆದ ಹಾಗೆ. ಗೆರೆ 300 ಮಿಲಿಲೀಟರಿನ ಹತ್ತಿರ ನಿಂತಿತ್ತು. "ಚೆನ್ನಾಗಿ ಕೂತಿದೆ ಸಾರ್" ಅಂದ. ಗೆರೆ 700, 800ರಲ್ಲೇ ನಿಂತರೆ ಆ ತೊಟ್ಟಿಯಲ್ಲಿ ಕೆಸರು ಜಾಸ್ತಿಯಾಗಿರಬಹುದು, ಇಲ್ಲವೇ ನೂಲಿನಂತೆ ಬೆಳೆಯುವ ಬ್ಯಾಕ್ಟೀರಿಯಾಗಳು ತುಂಬಿಕೊಂಡು ಗರಣೆಗಳು ಬಿಡಿಸಿದ ಹತ್ತಿಯ ಹಾಗೆ ಉಬ್ಬಿರಬಹುದು. ಬಣ್ಣ ಕಪ್ಪಾಗಿ ಕೊಳೆತ ಮೊಟ್ಟೆಯ ನಾತ ಬಂದರೆ ಗಾಳಿ ಸಾಲುತ್ತಿಲ್ಲ. ಮೇಲಿನ ನೀರು ತಿಳಿಯಾಗದೆ ಮಬ್ಬಾಗಿದ್ದರೆ ಬ್ಯಾಕ್ಟೀರಿಯಾಗಳು ಇನ್ನೂ ಗುಂಪು ಕಟ್ಟಿಲ್ಲ. ಬಿಒಡಿ ಫಲಿತಾಂಶ ಬರೋಕೆ ಮೂರು ದಿನ ಕಾಯಬೇಕು, ಜಾಡಿ ಅರ್ಧ ಗಂಟೆಯಲ್ಲಿ ಹೇಳುತ್ತದೆ. ಸಣ್ಣ ಘಟಕಗಳಲ್ಲಿ ಲ್ಯಾಬು ಇರುವುದೇ ಅಪರೂಪ, ಹಾಗಾಗಿ ದಿನಾ ಈ ಜಾಡಿ ಇಡುವ ಆಪರೇಟರ್ ಇದ್ದಾನಾ ಇಲ್ಲವಾ ಅನ್ನುವುದರ ಮೇಲೆ ಕೆಳಗಿನ ಊರಿನ ಹೊಳೆ ನಿಂತಿದೆ.

ಕೆಡುವುದು ಎಲ್ಲಿ ಅಂದರೆ, ಮೊದಲನೆಯದು ಕರೆಂಟು. ಇಂಥ ಘಟಕದ ವಿದ್ಯುತ್ ಖರ್ಚಿನಲ್ಲಿ ಸಾಮಾನ್ಯವಾಗಿ ಅರ್ಧದಷ್ಟು ಬ್ಲೋವರಿಗೇ ಹೋಗುತ್ತದೆ. ಬಿಲ್ಲು ಉಳಿಸೋಕೆ ರಾತ್ರಿ ಬ್ಲೋವರ್ ನಿಲ್ಲಿಸಿದರೆ, ಅಥವಾ ಲೋಡ್‌ಶೆಡ್ಡಿಂಗ್‌ನಲ್ಲಿ ಜನರೇಟರಿಗೆ ಡೀಸೆಲ್ ಇಲ್ಲದಿದ್ದರೆ, ಕೆಲವೇ ಗಂಟೆಗಳಲ್ಲಿ ತೊಟ್ಟಿ ಹಳಸತೊಡಗುತ್ತದೆ. ಸಾಕಿದ ಬ್ಯಾಕ್ಟೀರಿಯಾಗಳು ನಿಜಕ್ಕೂ ಸತ್ತುಹೋದರೆ ಮತ್ತೆ ಬೆಳೆಸೋಕೆ ವಾರಗಳೇ ಬೇಕು.

ಎರಡನೆಯದು ಕೆಸರು, ಇದನ್ನು ಯಾರೂ ಮಾತಾಡಲ್ಲ. ಬ್ಯಾಕ್ಟೀರಿಯಾ ದಿನಾ ಬೆಳೆಯುತ್ತದೆ, ಬೆಳೆದಷ್ಟನ್ನು ದಿನಾ ತೆಗೆದು ಒಣಹಾಕಬೇಕು. ಮರಳಿನ ಹಾಸಿನ ಮೇಲೆ ಹರಡಿದರೆ ಒಳ್ಳೆ ಬಿಸಿಲಿನಲ್ಲಿ ಹತ್ತು ಹದಿನೈದು ದಿನಕ್ಕೆ ಒಣಗಿ ಕೆರೆಯ ತಳದ ಹಾಗೆ ಬಿರುಕು ಬಿಡುತ್ತದೆ. ಮಳೆಗಾಲದಲ್ಲಿ ಒಣಗುವುದಿಲ್ಲ, ಒಣಗಿದ್ದನ್ನು ಒಯ್ಯೋಕೆ ಟ್ರ್ಯಾಕ್ಟರ್ ಬರುವುದಿಲ್ಲ, ಹಾಸಿನಲ್ಲಿ ಜಾಗ ಇರುವುದಿಲ್ಲ. ಆಗ ಕೆಸರು ತೊಟ್ಟಿಯಲ್ಲೇ ತುಂಬಿ ತುಂಬಿ ಒಂದು ದಿನ ಅಂಚು ದಾಟಿ ನೇರ ಹೊಳೆಗೆ. ಇಷ್ಟು ದಿನ ಹೊಳೆಯಿಂದ ಉಳಿಸಿದ್ದನ್ನೆಲ್ಲ ಒಂದೇ ಸಲಕ್ಕೆ ಹೊಳೆಗೆ ಕೊಟ್ಟಂತೆ.

ಮೂರನೆಯದು, ಬೆಳಗ್ಗೆ ಏಳರಿಂದ ಒಂಬತ್ತು. ಇಡೀ ಊರು ಒಟ್ಟಿಗೆ ಸ್ನಾನ ಮಾಡುತ್ತದೆ. ದೊಡ್ಡ ನಗರದಲ್ಲಿ ಬೇರೆ ಬೇರೆ ದೂರದಿಂದ ಬರುವ ನೀರು ಸಮವಾಗುತ್ತದೆ, ಸಣ್ಣ ಊರಿನಲ್ಲಿ ಒಮ್ಮೆಲೇ ನುಗ್ಗುತ್ತದೆ. ಇಪ್ಪತ್ತು ಸಾವಿರದೊಳಗಿನ ಊರಿಗೆ ಸರಾಸರಿಯ ಮೂರು ಪಟ್ಟು ಹರಿವು ಹಿಡಿದು ಪೈಪುಗಳನ್ನು ವಿನ್ಯಾಸ ಮಾಡಬೇಕು ಅನ್ನುವುದು ರೂಢಿ. ಜೊತೆಗೆ ಮನೆಯವರು ತಾರಸಿಯ ಮಳೆನೀರನ್ನೂ ಯುಜಿಡಿಗೆ, ಅಂದರೆ ಒಳಚರಂಡಿಗೆ, ಸೇರಿಸಿಬಿಟ್ಟಿದ್ದರೆ ಜೋರು ಮಳೆ ಬಂದ ದಿನ ತೊಟ್ಟಿಯ ಹೆಪ್ಪೆಲ್ಲ ಕೊಚ್ಚಿಕೊಂಡು ಹೋಗುತ್ತದೆ.

ಇದೆಲ್ಲ ಸರಿ ಇದ್ದರೂ ತಿಳಿನೀರು ಶುದ್ಧ ನೀರಲ್ಲ. ಹಸಿ ಕೊಳಚೆಯ ನೂರು ಮಿಲಿಲೀಟರಿನಲ್ಲಿ ಮಲದ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಒಂದು ಕೋಟಿಯವರೆಗೂ ಇರಬಹುದು. ಘಟಕ ನೂರಕ್ಕೆ 99 ತೆಗೆಯಿತು ಅಂದರೆ ಭಾರೀ ಸಾಧನೆ ಅನ್ನಿಸುತ್ತೆ ಅಲ್ವಾ? ಆದರೂ ಒಂದು ಲಕ್ಷ ಉಳಿಯಿತು. 2017ರ ಮಿತಿ ಒಂದು ಸಾವಿರ. ಅದಕ್ಕೇ ಕೊನೆಯಲ್ಲಿ ಕ್ಲೋರಿನ್ ಹಾಕಿ ಅರ್ಧ ಗಂಟೆ ನಿಲ್ಲಿಸುವುದು. ನೀರು ಮಬ್ಬಾಗಿದ್ದರೆ ಬ್ಯಾಕ್ಟೀರಿಯಾಗಳು ಕಣಗಳ ಒಳಗೆ ಅವಿತುಕೊಂಡು ಬಚಾವಾಗುತ್ತವೆ, ಹಾಗಾಗಿ ಹಿಂದಿನ ಹಂತ ಕೆಟ್ಟರೆ ಕ್ಲೋರಿನ್ ಸುರಿದೂ ದಂಡ.

ಇನ್ನು ಸಾರಜನಕ, ರಂಜಕ. ಮೂತ್ರದಿಂದ ಬರುವ ಅಮೋನಿಯ ಮೀನಿಗೆ ವಿಷ, ಜೊತೆಗೆ ಅದರಲ್ಲಿನ ಒಂದು ಗ್ರಾಂ ಸಾರಜನಕ ನೈಟ್ರೇಟ್ ಆಗೋಕೆ ನಾಲ್ಕೂವರೆ ಗ್ರಾಂ ಆಮ್ಲಜನಕ ಬೇಕು. ಗಾಳಿ ತೊಟ್ಟಿಯಲ್ಲೇ ಇದು ಮುಗಿದರೆ ಹೊಳೆ ಬಚಾವ್. ರಂಜಕ ಮಾತ್ರ ಸಾಮಾನ್ಯ ಸಣ್ಣ ಘಟಕದಲ್ಲಿ ಬಹುಪಾಲು ಹಾಗೇ ದಾಟಿಹೋಗುತ್ತದೆ. ಕೆಳಗೆ ಕೆರೆ ಇದ್ದರೆ ಪಾಚಿ, ಅಂತರಗಂಗೆ ದಟ್ಟವಾಗಿ ಬೆಳೆಯುವುದು ಇದರಿಂದ. ಹೊಲಕ್ಕೆ ಹೋದರೆ ಅದೇ ಗೊಬ್ಬರ. ನನ್ನ ಅಭಿಪ್ರಾಯ ಕೇಳಿದರೆ, ಬಯಲುಸೀಮೆಯ ಸಣ್ಣ ಊರಿನ ಶುದ್ಧೀಕರಿಸಿದ ನೀರು ಬೇಸಿಗೆಯಲ್ಲಿ ಹಳ್ಳಕ್ಕೆ ಹೋಗುವ ಬದಲು ಮೇವಿನ ಹೊಲಕ್ಕೆ ಹೋಗುವುದೇ ಒಳ್ಳೆಯದು.

ಒಂದು ಮಾತು ಉಳಿದಿದೆ, ಇದು ನನ್ನ ಸ್ವಂತ ಸಿಟ್ಟು. ಘಟಕ ಕಟ್ಟಿ ಫಲಕ ಹಾಕಿದರೆ ಹೊಳೆ ಶುದ್ಧವಾಗಲ್ಲ, ಮನೆಗಳ ಪೈಪು ಅದಕ್ಕೆ ಸೇರಬೇಕು. ನಾನು ಬಾಡಿಗೆಗಿದ್ದ ಒಂದು ಊರಿನಲ್ಲಿ ರಸ್ತೆ ಅಗೆದು ಒಳಚರಂಡಿ ಹಾಕಿ ಎರಡು ವರ್ಷ ಆಗಿತ್ತು, ನಮ್ಮ ಬೀದಿಯ ಬಚ್ಚಲ ನೀರು ಆಗಲೂ ತೆರೆದ ಮೋರಿಗೇ ಹೋಗುತ್ತಿತ್ತು. ದೇಶದ ಲೆಕ್ಕವೂ ಹಾಗೇ ಇದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2021ರಲ್ಲಿ ಕೊಟ್ಟ ವರದಿಯ ಪ್ರಕಾರ ನಗರಗಳಲ್ಲಿ ದಿನಕ್ಕೆ 7,236 ಕೋಟಿ ಲೀಟರ್ ಕೊಳಚೆ ಹುಟ್ಟುತ್ತಿತ್ತು, ಕಟ್ಟಿಟ್ಟ ಘಟಕಗಳ ಸಾಮರ್ಥ್ಯ 3,184 ಕೋಟಿ, ನಿಜವಾಗಿ ಶುದ್ಧವಾಗುತ್ತಿದ್ದದ್ದು 2,023 ಕೋಟಿ.

ಒಳಚರಂಡಿಯೇ ಇಲ್ಲದ ಊರುಗಳ ಕಥೆ ಬೇರೆ. ಅಲ್ಲಿ ಪಿಟ್ ಗುಂಡಿ, ಗುಂಡಿ ತುಂಬಿದರೆ ಹೀರುವ ಟ್ಯಾಂಕರು, ಟ್ಯಾಂಕರು ಕತ್ತಲಾದ ಮೇಲೆ ಹಳ್ಳದ ಕಡೆ. ಗುಂಡಿಯ ಮಲಕೆಸರು ಕೊಳಚೆಗಿಂತ ಎಷ್ಟೋ ಪಟ್ಟು ಗಟ್ಟಿ, ಒಂದು ಟ್ಯಾಂಕರ್ ಸುರಿದರೂ ಬೇಸಿಗೆಯ ಹಳ್ಳಕ್ಕೆ ಅದು ದೊಡ್ಡ ಏಟೇ. ಬೆಂಗಳೂರು ವಿಮಾನ ನಿಲ್ದಾಣದ ಪಕ್ಕದ ದೇವನಹಳ್ಳಿಯಲ್ಲಿ ಇದಕ್ಕೊಂದು ದಾರಿ ತೋರಿಸಿದರು. 2015ರಲ್ಲಿ ಪುರಸಭೆ ಮತ್ತು ಸಿಡಿಡಿ ಸೊಸೈಟಿ ಎಂಬ ಸ್ವಯಂಸೇವಾ ಸಂಸ್ಥೆ ಸೇರಿ, ಟ್ಯಾಂಕರುಗಳು ತಂದ ಮಲಕೆಸರಿಗೆಂದೇ ದಿನಕ್ಕೆ 6,000 ಲೀಟರಿನ ಘಟಕ ಶುರುಮಾಡಿದರು. ಊರಿನ ಮಟ್ಟದಲ್ಲಿ ದೇಶದಲ್ಲೇ ಮೊದಲನೆಯದು. ಬ್ಲೋವರಿನ ಗದ್ದಲವಿಲ್ಲದೆ ಕೊಳೆಸಿ, ಹಾಸಿನ ಮೇಲೆ ಒಣಗಿಸಿ, ಊರಿನ ಹಸಿ ಕಸದ ಜೊತೆ ಸೇರಿಸಿ ಗೊಬ್ಬರ ಮಾಡುವ ವ್ಯವಸ್ಥೆ.

ಅವತ್ತು ಎಸ್‌ಟಿಪಿಯಿಂದ ಹೊರಟಾಗ ಹುಡುಗ ಜಾಡಿಯ ಕೆಸರನ್ನು ವಾಪಸ್ ಗಾಳಿ ತೊಟ್ಟಿಗೇ ಸುರಿದ, ಒಂದು ಹನಿ ಹೊರಗೆ ಚೆಲ್ಲಲಿಲ್ಲ. ನಾನು ಹಳ್ಳಕ್ಕಿಳಿದೆ. ಘಟಕದ ನೀರು ಬಂದು ಸೇರುವ ಜಾಗಕ್ಕಿಂತ ನೂರು ಹೆಜ್ಜೆ ಮೇಲೆ ಒಂದು ಕಲ್ಲು ಮಗುಚಿ ನೋಡಿದೆ, ನೂರು ಹೆಜ್ಜೆ ಕೆಳಗೆ ಇನ್ನೊಂದು. ಕಲ್ಲಿನಡಿ ಕೆಸರಿನಲ್ಲಿ ಕೆಂಪು ಹುಳುಗಳು ಮಾತ್ರ ನುಲಿಯುತ್ತಿದ್ದರೆ ಆಮ್ಲಜನಕ ಕಮ್ಮಿ ಅಂತ ಅರ್ಥ. ಆ ಹುಳುಗಳ ಮೈಯಲ್ಲಿ ನಮ್ಮ ಹಾಗೇ ಹಿಮೋಗ್ಲೋಬಿನ್ ಇದೆ, ಇಲ್ಲದ ಕಡೆಯೂ ಉಸಿರು ಹೆಕ್ಕಿಕೊಳ್ಳುತ್ತವೆ. ಕೆಳಗಿನ ಕಲ್ಲಿನಡಿ ಸಣ್ಣ ಬಸವನಹುಳು ಇತ್ತು, ಕೊಡತಿಹುಳುವಿನ ಮರಿಯೊಂದಿತ್ತು. ಕೆಂಪು ಹುಳು ತುಂಬಾ ಸಿಕ್ಕಿದ್ದು ಮೇಲಿನ ಕಲ್ಲಿನಡಿ. ತಲೆಯೆತ್ತಿ ನೋಡಿದರೆ ಅಲ್ಲೇ ಸ್ವಲ್ಪ ಮೇಲೆ, ಪೊದೆಯ ಮರೆಯಲ್ಲಿ, ಯುಜಿಡಿಗೆ ಸೇರದ ಹೊಸ ಬಡಾವಣೆಯ ಮೋರಿ ಹಳ್ಳಕ್ಕೆ ಬಂದು ಬೀಳುತ್ತಿತ್ತು.